ಅರ್ಧ ಮೀನು ಯಾರದ್ದು?

ವಾಷಿಂಗ್ಟನ್ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಶ್ವೇತಭವನ, ಅಧ್ಯಕ್ಷರ ಹೆಲಿಕಾಪ್ಟರ್, ಪತ್ರಿಕಾಗೋಷ್ಠಿ. ಆದರೆ ಅಮೆರಿಕದಲ್ಲಿ ಇನ್ನೊಂದು ವಾಷಿಂಗ್ಟನ್ ಇದೆ. ರಾಜಧಾನಿಯಿಂದ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರ, ದೇಶದ ಪಶ್ಚಿಮ ತುದಿಯಲ್ಲಿ, ಪೆಸಿಫಿಕ್ ಸಾಗರದ ದಂಡೆಯ ಮೇಲೆ ಇರೋ ರಾಜ್ಯ ಅದು. ಸಿಯಾಟಲ್ ಇರೋದು ಅಲ್ಲಿ. ಮೈಕ್ರೋಸಾಫ್ಟ್, ಅಮೆಜಾನ್ ಇರೋದೂ ಅಲ್ಲೇ. ನಮ್ಮ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮಕ್ಕಳು ರೆಡ್ಮಂಡ್, ಬೆಲ್ವ್ಯೂ ಅಂತ ಊರುಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಲ್ಲಿ ರಾಜ್ಯೋತ್ಸವವೂ ನಡೆಯುತ್ತೆ, ಯುಗಾದಿಯೂ ನಡೆಯುತ್ತೆ.

ಆ ಮಕ್ಕಳಲ್ಲಿ ಒಬ್ಬರಿಗೆ ಭಾನುವಾರ ನದಿಗೆ ಗಾಳ ಹಾಕೋ ಆಸೆ ಬಂತು ಅಂತಿಟ್ಟುಕೊಳ್ಳಿ. ಮೊದಲು ಲೈಸೆನ್ಸ್ ತಗೋಬೇಕು. ಯಾವ ನದಿ, ಯಾವ ತಿಂಗಳು, ಯಾವ ಜಾತಿಯ ಮೀನು, ದಿನಕ್ಕೆ ಎಷ್ಟು, ಎಲ್ಲಕ್ಕೂ ಲೆಕ್ಕ ಇದೆ. ಆ ಲೆಕ್ಕ ಹಾಕೋದು ರಾಜ್ಯ ಸರ್ಕಾರ ಒಂದೇ ಅಲ್ಲ. ಮೇಜಿನ ಇನ್ನೊಂದು ಬದಿಯಲ್ಲಿ ಅಲ್ಲಿನ ಮೂಲನಿವಾಸಿ ಬುಡಕಟ್ಟುಗಳ ಪ್ರತಿನಿಧಿಗಳು ಕೂತಿರುತ್ತಾರೆ. ಸಮಸಮಕ್ಕೆ. ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಅವರದ್ದು.

ಅರ್ಧ! ದಾನ ಅಲ್ಲ, ಸಬ್ಸಿಡಿ ಅಲ್ಲ, ಮೀಸಲಾತಿಯೂ ಅಲ್ಲ. ಹಾಗಾದರೆ ಏನದು? ಒಂದು ಒಪ್ಪಂದದ ಒಂದು ಸಾಲು. ಆ ಸಾಲಿಗೆ ಅರ್ಥ ಹುಡುಕೋಕೆ ನೂರಿಪ್ಪತ್ತು ವರ್ಷ ಬೇಕಾಯಿತು. ಇವತ್ತಿನ ಕಥೆ ಅದೇ.

ಮೊದಲು ಆ ನಾಡು ಹೇಗಿದೆ ನೋಡೋಣ. ನಮಗೆ ಪಶ್ಚಿಮ ಘಟ್ಟ ಇದ್ದ ಹಾಗೆ ಅವರಿಗೆ ಕ್ಯಾಸ್ಕೇಡ್ ಪರ್ವತ ಸಾಲು. ರಾಜ್ಯವನ್ನು ಉತ್ತರದಿಂದ ದಕ್ಷಿಣಕ್ಕೆ ಸೀಳಿಕೊಂಡು ಹೋಗುತ್ತೆ. ಸಮುದ್ರದಿಂದ ಬರೋ ಮೋಡಗಳೆಲ್ಲ ಪಶ್ಚಿಮದಲ್ಲೇ ಸುರಿದುಬಿಡುತ್ತವೆ. ಹೋ ನದಿಯ ಕಾಡಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಪರ್ವತ ದಾಟಿ ಪೂರ್ವಕ್ಕೆ ಬಂದರೆ ಯಾಕಿಮಾ ಊರಲ್ಲಿ ಸುಮಾರು 200 ಮಿಲಿಮೀಟರ್. ಒಂದು ಕಡೆ ಆಗುಂಬೆ, ಇನ್ನೊಂದು ಕಡೆ ಚಳ್ಳಕೆರೆ ಅಂದುಕೊಳ್ಳಿ, ಅರ್ಥ ಆಗುತ್ತೆ.

ನೆಲ ಬದಲಾದ ಹಾಗೆ ಬೇಟೆಯೂ ಬದಲಾಗಿತ್ತು. ವಾಯವ್ಯ ಮೂಲೆಯ ನಿಯಾ ಬೇ ಕಡೆ ಮಕಾ ಜನ. ಸೀಡರ್ ಮರದ ದೋಣಿಯಲ್ಲಿ ಸಾಗರಕ್ಕೆ ಹೋಗಿ ಈಟಿಯಿಂದ ತಿಮಿಂಗಿಲವನ್ನೇ ಹೊಡೆದು ಎಳೆದುಕೊಂಡು ಬರುತ್ತಿದ್ದರು. ಪ್ಯೂಜೆಟ್ ಸೌಂಡ್ ಅನ್ನೋ ಒಳಕಡಲಿನ ಸುತ್ತ ನಿಸ್ಕ್ವಾಲಿ, ಪ್ಯುಯಾಲಪ್, ಲಮ್ಮಿ ಜನ. ಇವರಿಗೆ ಸಾಲ್ಮನ್ ಮೀನೇ ಅನ್ನ. ಪೂರ್ವದ ಒಣ ಬಯಲಿನಲ್ಲಿ ಯಾಕಮಾ ಜನ. ಕುದುರೆ ಏರಿ ಜಿಂಕೆ, ಎಲ್ಕ್ ಅನ್ನೋ ದೊಡ್ಡ ಕಡವೆ ಬೇಟೆ ಆಡುತ್ತಿದ್ದರು, ಗೆಡ್ಡೆ-ಗೆಣಸು ಅಗೆಯುತ್ತಿದ್ದರು. ಅವರೂ ಮೀನಿನ ಕಾಲ ಬಂದರೆ ಕೊಲಂಬಿಯಾ ನದಿಗೇ ಇಳಿದು ಬರಬೇಕು. ಅಲ್ಲಿ ಸೆಲೈಲೋ ಅಂತ ಜಲಪಾತ ಇತ್ತು. ಬಂಡೆಗೆ ಕಟ್ಟಿದ ಮರದ ಅಟ್ಟಣಿಗೆ ಮೇಲೆ ನಿಂತು ಉದ್ದ ಕೋಲಿನ ಬಲೆಯಲ್ಲಿ ಮೀನು ಎತ್ತುತ್ತಿದ್ದರು. ಸಾವಿರಾರು ವರ್ಷ ನಡೆದ ಜಾತ್ರೆ ಅದು. ದೂರದೂರದವರು ಬಂದು ಮೀನು ಕೊಟ್ಟು ಚರ್ಮ, ಚರ್ಮ ಕೊಟ್ಟು ಚಿಪ್ಪು ಅಂತ ಕೊಡು-ಕೊಳ್ಳುವ ವ್ಯವಹಾರ ಮಾಡುತ್ತಿದ್ದರು.

ಸಾಲ್ಮನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಜಗಳ ಅರ್ಥ ಆಗಲ್ಲ. ಈ ಮೀನು ಹುಟ್ಟೋದು ಬೆಟ್ಟದ ಸಣ್ಣ ತೊರೆಯಲ್ಲಿ. ಮರಿ ನದಿ ಇಳಿದು ಸಮುದ್ರ ಸೇರುತ್ತೆ. ಕೆಲವು ವರ್ಷ ಉಪ್ಪು ನೀರಲ್ಲಿ ಬೆಳೆದು, ಮೊಟ್ಟೆ ಇಡೋ ಕಾಲಕ್ಕೆ ತಾನು ಹುಟ್ಟಿದ ಅದೇ ತೊರೆಗೆ ವಾಪಸ್ ಬರುತ್ತೆ. ನೀರಿನ ವಾಸನೆ ಹಿಡಿದು ಬರುತ್ತೆ. ಹರಿವಿಗೆ ಎದುರಾಗಿ, ಜಲಪಾತ ಹಾರಿ ಬರುತ್ತೆ. ಮೊಟ್ಟೆ ಇಟ್ಟು ಸಾಯುತ್ತೆ. ಅಂದರೆ ದಾರಿಯಲ್ಲಿ ಒಂದೇ ಒಂದು ಕಡೆ ಅಡ್ಡ ಬಿತ್ತು ಅಂದರೆ ಆ ತೊರೆಯ ವಂಶವೇ ಮುಗಿಯಿತು.

ಈಗ 1853ಕ್ಕೆ ಬನ್ನಿ. ವಾಷಿಂಗ್ಟನ್ ಇನ್ನೂ ರಾಜ್ಯ ಆಗಿರಲಿಲ್ಲ, ಹೊಸದಾಗಿ ರಚಿಸಿದ ಪ್ರಾಂತ್ಯ. ಅದರ ಮೊದಲ ಗವರ್ನರ್ ಐಸಾಕ್ ಸ್ಟೀವನ್ಸ್. ವಯಸ್ಸು 35. ಸೇನೆಯ ಇಂಜಿನಿಯರ್. ರೈಲು ದಾರಿಗೆ ಸರ್ವೆ ಮಾಡಿಕೊಂಡೇ ಗವರ್ನರ್ ಗಿರಿಗೆ ಬಂದ ಮನುಷ್ಯ. ಅವನಿಗೆ ಕೆಲಸ ಬೇಗ ಮುಗೀಬೇಕಿತ್ತು. ವಲಸಿಗರಿಗೆ ನೆಲ ಬೇಕು, ರೈಲಿಗೆ ದಾರಿ ಬೇಕು, ಮೂಲನಿವಾಸಿಗಳು ಪಕ್ಕಕ್ಕೆ ಸರೀಬೇಕು. 1854ರ ಡಿಸೆಂಬರ್ 26ರಂದು ಮೆಡಿಸಿನ್ ಕ್ರೀಕ್ ಅನ್ನೋ ಹಳ್ಳದ ಪಕ್ಕ ಮೊದಲ ಒಪ್ಪಂದ. ಆಮೇಲೆ 1855ರ ಜನವರಿ ಒಂದೇ ತಿಂಗಳಲ್ಲಿ ಮೂರು. ಅದೇ ವರ್ಷ ಜೂನ್‌ನಲ್ಲಿ ಪರ್ವತದ ಆಚೆಯವರ ಜೊತೆ ಇನ್ನಷ್ಟು.

ಮೆಡಿಸಿನ್ ಕ್ರೀಕ್ ಒಪ್ಪಂದದಲ್ಲಿ 20 ಲಕ್ಷ ಎಕರೆಗೂ ಹೆಚ್ಚು ನೆಲ ಹೋಯಿತು. ಬದಲಿಗೆ 32,500 ಡಾಲರ್, ಅದೂ ಕಂತಿನ ಮೇಲೆ, ವರ್ಷಗಟ್ಟಲೆ. ಜೊತೆಗೆ ಮೂರು ಸಣ್ಣ ಮೀಸಲು ಪ್ರದೇಶ. ಒಪ್ಪಂದ ಬರೆದದ್ದು ಇಂಗ್ಲಿಷ್‌ನಲ್ಲಿ. ಜನರಿಗೆ ಅದನ್ನು ವಿವರಿಸಿದ್ದು ಚಿನೂಕ್ ಜಾರ್ಗನ್ ಅನ್ನೋ ಸಂತೆ ಭಾಷೆಯಲ್ಲಿ. ಕೆಲವೇ ನೂರು ಪದಗಳ ಭಾಷೆ. ಮೀನು ಎಷ್ಟು, ಕಂಬಳಿ ಎಷ್ಟು ಅಂತ ವ್ಯಾಪಾರ ಮಾಡೋಕೆ ಸಾಕು. ಸಾರ್ವಭೌಮತ್ವ, ಹಕ್ಕು ತ್ಯಾಗ ಅಂತ ಮಾತಾಡೋಕೆ ಸಾಕಾ? ನೀವೇ ಹೇಳಿ.

ಆದರೂ ಆ ಜನ ಒಂದು ವಿಷಯದಲ್ಲಿ ಹಿಡಿದ ಪಟ್ಟು ಬಿಡಲಿಲ್ಲ. ನೆಲ ಹೋದರೆ ಹೋಗಲಿ, ಮೀನು ಬಿಡಲ್ಲ. ಹಾಗಾಗಿ ಒಪ್ಪಂದದಲ್ಲಿ ಒಂದು ಸಾಲು ಸೇರಿತು. ತಲತಲಾಂತರದಿಂದ ಮೀನು ಹಿಡಿಯುತ್ತ ಬಂದ ಎಲ್ಲ ಜಾಗಗಳಲ್ಲೂ ಮೀನು ಹಿಡಿಯುವ ಹಕ್ಕು ಅವರಿಗೆ ಉಳಿಯುತ್ತೆ, ಪ್ರಾಂತ್ಯದ ಎಲ್ಲ ಪ್ರಜೆಗಳ 'ಜೊತೆಯಲ್ಲಿ' ಅನ್ನೋದು ಅದರ ಸಾರ. ಯಾರೂ ಒಕ್ಕಲು ಕೂರದ ಬಯಲು ನೆಲದಲ್ಲಿ ಬೇಟೆಯಾಡಬಹುದು ಅಂತಲೂ ಸೇರಿತು. ಮಕಾ ಜನರ ಒಪ್ಪಂದದಲ್ಲಿ ತಿಮಿಂಗಿಲವೂ ಬಂತು. ಸ್ಟೀವನ್ಸ್‌ಗೆ ಇದರಿಂದ ನಷ್ಟ ಏನೂ ಕಾಣಲಿಲ್ಲ. ಮೀನು ಲೆಕ್ಕಕ್ಕೆ ಸಿಗದಷ್ಟಿತ್ತು. ಅವರ ಊಟ ಅವರೇ ಹುಡುಕಿಕೊಂಡರೆ ಸರ್ಕಾರಕ್ಕೆ ಖರ್ಚೂ ಉಳಿಯಿತು!

ಕೊಟ್ಟ ನೆಲ ಎಂಥದ್ದು ಅಂತ ಗೊತ್ತಾದ ಮೇಲೆ ಯುದ್ಧವೇ ಆಯಿತು. ನಿಸ್ಕ್ವಾಲಿ ನಾಯಕ ಲೆಶೈಯನ್ನು ಕೊಲೆಯ ಆರೋಪ ಹೊರಿಸಿ 1858ರ ಫೆಬ್ರವರಿ 19ರಂದು ಗಲ್ಲಿಗೇರಿಸಿದರು. 2004ರಲ್ಲಿ, ಅಂದರೆ 146 ವರ್ಷ ಆದ ಮೇಲೆ, ರಾಜ್ಯದ ನ್ಯಾಯಮೂರ್ತಿಗಳು ಕೂತು ನಡೆಸಿದ ಚಾರಿತ್ರಿಕ ನ್ಯಾಯಾಲಯ ಅವನು ನಿರ್ದೋಷಿ ಅಂತ ಹೇಳಿತು.

ಸರಿ, ಒಪ್ಪಂದ ಆಯಿತು. ಮೀನು ಏನಾಯಿತು? 1866ರಲ್ಲಿ ಕೊಲಂಬಿಯಾ ದಂಡೆಯ ಈಗಲ್ ಕ್ಲಿಫ್‌ನಲ್ಲಿ ಮೀನನ್ನು ಡಬ್ಬಿಗೆ ತುಂಬೋ ಮೊದಲ ಕಾರ್ಖಾನೆ ಬಂತು. ಅಲ್ಲಿಂದ ಲೆಕ್ಕಾಚಾರವೇ ಬದಲಾಯಿತು. ಮೀನು ಊಟವಾಗಿದ್ದದ್ದು ಸರಕಾಯಿತು. 1883ರಲ್ಲಿ ಆ ಒಂದು ನದಿಯಿಂದ ಎತ್ತಿದ ಚಿನೂಕ್ ಸಾಲ್ಮನ್ ಸುಮಾರು 4.3 ಕೋಟಿ ಪೌಂಡ್. ನದಿಯಲ್ಲಿ ಮೀನುಚಕ್ರ ಅಂತ ಯಂತ್ರ ಇಟ್ಟರು. ಹರಿವಿನ ಬಲಕ್ಕೇ ತಿರುಗುತ್ತೆ, ಬುಟ್ಟಿ ಬುಟ್ಟಿ ಮೀನು ತಾನಾಗಿ ಎತ್ತಿ ಸುರಿಯುತ್ತೆ. ಹಗಲೂ ರಾತ್ರಿ. ಇಂಥದ್ದೇ ಚಕ್ರ ಇಟ್ಟಿದ್ದ ವೈನನ್ಸ್ ಸಹೋದರರು ಯಾಕಮಾ ಜನರನ್ನು ದಂಡೆಗೇ ಬಿಡಲಿಲ್ಲ. ನೆಲ ನಮ್ಮದು ಅಂದರು. ಕೇಸು ಸುಪ್ರೀಂ ಕೋರ್ಟ್‌ಗೆ ಹೋಯಿತು. 1905ರಲ್ಲಿ ಕೋರ್ಟ್ ಹೇಳಿದ್ದು ಗಮನಿಸಿ. ಒಪ್ಪಂದ ಅಂದರೆ ಸರ್ಕಾರ ಮೂಲನಿವಾಸಿಗಳಿಗೆ ಹಕ್ಕು ಕೊಟ್ಟದ್ದಲ್ಲ. ಮೂಲನಿವಾಸಿಗಳು ಸರ್ಕಾರಕ್ಕೆ ಹಕ್ಕು ಕೊಟ್ಟದ್ದು. ಕೊಡದೇ ಇಟ್ಟುಕೊಂಡದ್ದು ಅವರ ಬಳಿಯೇ ಇದೆ.

ಮನೆ ಮಾರಿದವನು ಹಿತ್ತಲ ಬಾವಿ ಮಾರಲಿಲ್ಲ ಅಂದರೆ ಬಾವಿ ಯಾರದ್ದು? ಅಷ್ಟು ಸರಳ.

ಕೋರ್ಟ್‌ನಲ್ಲಿ ಸರಳ, ನದಿಯಲ್ಲಿ ಅಲ್ಲ. ನಗರ ಬೆಳೆಯಿತು, ಕಾಡು ಕಡಿದರು. 1934ರಲ್ಲಿ ಜನಮತದ ಮೂಲಕ ಮೀನುಚಕ್ರ, ದೊಡ್ಡ ಬೋನುಗಳನ್ನು ನಿಷೇಧಿಸಿದರು, ಒಳ್ಳೆಯದೇ. ಅಷ್ಟರಲ್ಲಿ ಅಣೆಕಟ್ಟುಗಳ ಕಾಲ ಬಂದಿತ್ತು. 1933ರಲ್ಲಿ ಶುರುವಾದ ಗ್ರ್ಯಾಂಡ್ ಕೂಲಿ ಅಣೆಕಟ್ಟು 168 ಮೀಟರ್ ಎತ್ತರ. ಲಕ್ಷಾಂತರ ಎಕರೆಗೆ ನೀರು, ಇವತ್ತಿಗೂ ಅಮೆರಿಕದ ಅತಿ ದೊಡ್ಡ ವಿದ್ಯುತ್ ಸ್ಥಾವರ. ಆದರೆ ಮೀನು ಹತ್ತೋಕೆ ಒಂದು ಮೆಟ್ಟಿಲೂ ಇಲ್ಲ. ಅದರ ಮೇಲ್ಗಡೆಯ ನದಿಗೆ ಸಾಲ್ಮನ್ ಬರೋದೇ ನಿಂತುಹೋಯಿತು. 1940ರ ಜೂನ್‌ನಲ್ಲಿ, ಕೆಟಲ್ ಫಾಲ್ಸ್ ಮುಳುಗೋ ಮೊದಲು, ಸುತ್ತಲಿನ ಬುಡಕಟ್ಟುಗಳು ಅಲ್ಲಿ ಸೇರಿ 'ಕಣ್ಣೀರಿನ ಸಮಾರಂಭ' ನಡೆಸಿದರು. 1957ರ ಮಾರ್ಚ್ 10ರಂದು ದ ಡ್ಯಾಲ್ಸ್ ಅಣೆಕಟ್ಟಿನ ಗೇಟು ಇಳಿಸಿದರು. ಕೆಲವೇ ಗಂಟೆಗಳಲ್ಲಿ ಸೆಲೈಲೋ ಜಲಪಾತ ನೀರಿನ ಕೆಳಗೆ ಹೋಯಿತು. ಸಾವಿರಾರು ವರ್ಷ ಮೊರೆದ ಜಾಗ ಸಪ್ಪಳವಿಲ್ಲದ ಕೆರೆ ಆಯಿತು. ನಮ್ಮಲ್ಲಿ ಜಲಾಶಯಕ್ಕೆ ಊರು ಬಿಟ್ಟುಕೊಟ್ಟ ಕುಟುಂಬಗಳಿಗೆ ಈ ಮೌನ ಏನು ಅಂತ ಯಾರೂ ವಿವರಿಸಬೇಕಾಗಿಲ್ಲ.

ಮೀನು ಕಡಿಮೆ ಆದಾಗ ಯಾರ ಮೇಲೆ ಕಟ್ಟುನಿಟ್ಟು? ಕಾರ್ಖಾನೆ ದೊಡ್ಡದು, ಅಣೆಕಟ್ಟು ಸರ್ಕಾರದ್ದು, ಸಮುದ್ರದ ದೋಣಿಗಳಿಗೆ ಸಂಘ ಇತ್ತು, ಹವ್ಯಾಸಿ ಗಾಳಗಾರರಿಗೆ ವೋಟು ಇತ್ತು. ಉಳಿದವರು ನದಿಯಲ್ಲಿ ಬಲೆ ಕಟ್ಟೋ ಬುಡಕಟ್ಟಿನವರು. ಮೀನಿನ ಸಂರಕ್ಷಣೆ ನಮ್ಮ ಕರ್ತವ್ಯ, ಕಾನೂನು ಎಲ್ಲರಿಗೂ ಒಂದೇ ಅಂತ ರಾಜ್ಯ ಹೇಳಿತು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ಸಮುದ್ರದಲ್ಲಿ, ಒಳಕಡಲಲ್ಲಿ ಬೇರೆಯವರು ಹಿಡಿದು ಉಳಿದದ್ದು ನದಿಗೆ ಬರುತ್ತೆ. ಸಾಲಿನ ಕೊನೆಯಲ್ಲಿ ನಿಂತವನಿಗೆ ಮಾತ್ರ 'ಸಂರಕ್ಷಣೆ ಮಾಡು' ಅಂದರೆ?

ನಿಸ್ಕ್ವಾಲಿ ನದಿಯಲ್ಲಿ 1945ರಲ್ಲಿ ಒಬ್ಬ ಹುಡುಗನನ್ನು ಬಲೆ ಸಮೇತ ಹಿಡಿದರು. ವಯಸ್ಸು 14. ಹೆಸರು ಬಿಲ್ಲಿ ಫ್ರ್ಯಾಂಕ್ ಜೂನಿಯರ್. ಅದು ಮೊದಲ ಬಂಧನ. ಜೀವಮಾನದಲ್ಲಿ 50ಕ್ಕೂ ಹೆಚ್ಚು ಸಲ ಬಂಧನ. ಕಳ್ಳತನಕ್ಕಲ್ಲ, ಹೊಡೆದಾಟಕ್ಕಲ್ಲ, ಅಪ್ಪ-ಅಜ್ಜ ಹಿಡಿದ ಜಾಗದಲ್ಲಿ ಮೀನು ಹಿಡಿದದ್ದಕ್ಕೆ. ಆ ದಂಡೆಯಲ್ಲಿ ಅವರ ಕುಟುಂಬದ ನೆಲ, ಫ್ರ್ಯಾಂಕ್ಸ್ ಲ್ಯಾಂಡಿಂಗ್, ಹೋರಾಟದ ಅಡ್ಡೆ ಆಯಿತು. ಕರಿಯ ಸಮುದಾಯದ ಯುವಕರು ಊಟದ ಹೋಟೆಲಿನಲ್ಲಿ ಕೂತು ಎದ್ದೇಳಲ್ಲ ಅಂದ ಕಾಲ ಅದು. ಇವರು ನದಿಗಿಳಿದು ಬಲೆ ಬೀಸಿದರು. ನೋಡೋರ ಎದುರೇ, ಕ್ಯಾಮೆರಾ ಎದುರೇ. 1964ರ ಮಾರ್ಚ್‌ನಲ್ಲಿ ಸಿನಿಮಾ ನಟ ಮರ್ಲಾನ್ ಬ್ರ್ಯಾಂಡೋ ಬಂದು ಪ್ಯುಯಾಲಪ್ ನದಿಯಲ್ಲಿ ಬಲೆ ಹಾಕಿದ, ಅವನನ್ನೂ ಬಂಧಿಸಿದರು. ಸುದ್ದಿ ದೇಶ ತುಂಬ ಹರಡಿತು. ನಮ್ಮ ವೃತ್ತಿಯ ಬಗ್ಗೆ ಇಲ್ಲಿ ಒಂದು ಕಹಿ ಸತ್ಯ ಇದೆ. ಹದಿನಾಲ್ಕು ವರ್ಷದ ಹುಡುಗನ ಬಂಧನ ದೇಶದ ಸುದ್ದಿ ಆಗಲಿಲ್ಲ, ಹೀರೋ ಬಂಧನ ಆಯಿತು.

1970ರ ಸೆಪ್ಟೆಂಬರ್ 9. ಪ್ಯುಯಾಲಪ್ ದಂಡೆಯ ಶಿಬಿರದ ಮೇಲೆ ಪೊಲೀಸ್ ದಾಳಿ. ಅಶ್ರುವಾಯು, ಲಾಠಿ, 60ಕ್ಕೂ ಹೆಚ್ಚು ಬಂಧನ, ಅದರಲ್ಲಿ ಮಕ್ಕಳೂ ಇದ್ದರು. ಅವತ್ತು ಅಲ್ಲಿದ್ದು ಕಣ್ಣಾರೆ ನೋಡಿದವರಲ್ಲಿ ಕೇಂದ್ರ ಸರ್ಕಾರದ ವಕೀಲ ಸ್ಟ್ಯಾನ್ ಪಿಟ್ಕಿನ್ ಒಬ್ಬರು. ಒಂಬತ್ತೇ ದಿನದಲ್ಲಿ ಕೇಂದ್ರ ಸರ್ಕಾರ ವಾಷಿಂಗ್ಟನ್ ರಾಜ್ಯದ ಮೇಲೆ ಕೇಸು ಹಾಕಿತು. ಒಪ್ಪಂದಕ್ಕೆ ಸಹಿ ಹಾಕಿದ್ದು ಕೇಂದ್ರ ತಾನೇ? ಕೊಟ್ಟ ಮಾತು ಉಳಿಸೋ ಹೊಣೆ ಅದರದ್ದೇ.

ಕೇಸು ಹೋದದ್ದು ನ್ಯಾಯಾಧೀಶ ಜಾರ್ಜ್ ಬೋಲ್ಟ್ ಎದುರಿಗೆ. ಐಸೆನ್‌ಹೋವರ್ ಕಾಲದಲ್ಲಿ ನೇಮಕ ಆದವರು, ಎಪ್ಪತ್ತರ ಆಸುಪಾಸು, ಸಂಪ್ರದಾಯವಾದಿ, ಶಿಸ್ತಿನ ಮನುಷ್ಯ. ಯುದ್ಧ ವಿರೋಧಿ ಚಳವಳಿಗಾರರನ್ನು ನ್ಯಾಯಾಂಗ ನಿಂದನೆಗೆ ಜೈಲಿಗೆ ಹಾಕಿದ್ದವರು. ಇವರ ಕೈಯಲ್ಲಿ ಬುಡಕಟ್ಟಿನವರಿಗೆ ಏನು ಸಿಗುತ್ತೆ ಅಂತ ಬಹಳ ಜನ ಅಂದುಕೊಂಡಿರಬೇಕು. ಬೋಲ್ಟ್ ಒಪ್ಪಂದ ಓದಿದರು. ಮಾನವಶಾಸ್ತ್ರಜ್ಞರ ಸಾಕ್ಷಿ ಕೇಳಿದರು. ಬುಡಕಟ್ಟಿನ ಹಿರಿಯರ ಮಾತು ಕೇಳಿದರು. 1974ರ ಫೆಬ್ರವರಿ 12ರಂದು, ಅಬ್ರಹಾಂ ಲಿಂಕನ್ ಹುಟ್ಟಿದ ದಿನ, ತೀರ್ಪು ಕೊಟ್ಟರು.

'ಜೊತೆಯಲ್ಲಿ' ಅಂದರೇನು? 'ಉಳಿದವರ ಹಾಗೆ ನೀನೂ ಲೈಸೆನ್ಸ್ ತಗೊಂಡು ಸಾಲಲ್ಲಿ ನಿಲ್ಲು' ಅಂತ ರಾಜ್ಯ ವಾದಿಸಿತ್ತು. ಬೋಲ್ಟ್ ಹೇಳಿದರು: ಒಪ್ಪಂದವನ್ನು ಆವತ್ತು ಆ ಜನ ಹೇಗೆ ಅರ್ಥ ಮಾಡಿಕೊಂಡಿದ್ದರೋ ಹಾಗೇ ಓದಬೇಕು. ಜೊತೆಯಲ್ಲಿ ಅಂದರೆ ಸಮಪಾಲು. ಮುಂದಿನ ಪೀಳಿಗೆಗೆ ಬೇಕಾದಷ್ಟು ಮೀನು ಬಿಟ್ಟು, ಹಿಡಿಯಬಹುದಾದ ಮೀನಿನಲ್ಲಿ ಅರ್ಧದಷ್ಟು ಒಪ್ಪಂದದ ಬುಡಕಟ್ಟುಗಳಿಗೆ ಸಿಗಬೇಕು. ಅಲ್ಲಿಯ ತನಕ ಅವರಿಗೆ ಸಿಗುತ್ತಿದ್ದದ್ದು ನೂರಕ್ಕೆ ಸುಮಾರು ಐದು. ಐದರಿಂದ ಐವತ್ತು! ಜೊತೆಗೆ ಮೀನುಗಾರಿಕೆಯ ನಿರ್ವಹಣೆಯಲ್ಲಿ ರಾಜ್ಯದ ಸಮಕ್ಕೆ ಪಾಲು.

ರಾಜ್ಯ ಹೊತ್ತಿ ಉರಿಯಿತು. ಬೋಲ್ಟ್ ಪ್ರತಿಕೃತಿಯನ್ನು ನೇಣಿಗೆ ಹಾಕಿದರು. ಕಾರುಗಳ ಹಿಂದೆ ಅವರ ವಿರುದ್ಧ ಸ್ಟಿಕ್ಕರ್. ತೀರ್ಪು ಜಾರಿ ಮಾಡೋಕೆ ರಾಜ್ಯದ ಅಧಿಕಾರಿಗಳೇ ಹಿಂದೇಟು ಹಾಕಿದರು. ಕರಿಯ ಮಕ್ಕಳನ್ನು ಬಿಳಿಯರ ಶಾಲೆಗೆ ಸೇರಿಸೋ ಕೇಸುಗಳನ್ನು ಬಿಟ್ಟರೆ, ಒಂದು ಆದೇಶವನ್ನು ಸೋಲಿಸೋಕೆ ಇಷ್ಟು ಪ್ರಯತ್ನ ಆ ಶತಮಾನದಲ್ಲಿ ನಡೆದಿಲ್ಲ ಅಂತ ಮೇಲ್ಮನವಿ ಕೋರ್ಟ್ ಹೇಳಿತು. ಸುಪ್ರೀಂ ಕೋರ್ಟ್ 1979ರ ಜುಲೈ 2ರಂದು 6-3 ಬಹುಮತದಿಂದ ತೀರ್ಪನ್ನು ಬಹುಪಾಲು ಎತ್ತಿಹಿಡಿಯಿತು.

ಇನ್ನೊಂದು ಕಡೆಯ ನೋವನ್ನೂ ಹೇಳಬೇಕು. ದೋಣಿಗೆ ಸಾಲ ಮಾಡಿದ್ದ ಸಾವಿರಾರು ಬಿಳಿಯ ಮೀನುಗಾರರು ಇದ್ದರು. ಅವರೇನು ಸ್ಟೀವನ್ಸ್ ಅಲ್ಲ. 1854ರಲ್ಲಿ ಅವರು ಹುಟ್ಟೇ ಇರಲಿಲ್ಲ. ಮಾತು ಮುರಿದದ್ದು ಸರ್ಕಾರ, ಬಡ್ಡಿ ಕಟ್ಟಿದ್ದು ಇವರು. ಆದರೆ ಒಂದು ತಪ್ಪನ್ನು ನೂರು ವರ್ಷ ತಿದ್ದದೇ ಬಿಟ್ಟರೆ ಆಗೋದೇ ಹೀಗೆ. ತಿದ್ದೋ ದಿನ ತಪ್ಪು ಮಾಡದವನೂ ದಂಡ ಕಟ್ಟುತ್ತಾನೆ. ತಡ ಮಾಡಿದಷ್ಟೂ ಬಿಲ್ಲು ದೊಡ್ಡದು.

ಈಗ ಬರುತ್ತೆ ನನಗೆ ತುಂಬಾ ಇಷ್ಟವಾದ ಭಾಗ. ಪಾಲು ಅರ್ಧ ಸಿಕ್ಕಿತು, ಸರಿ. ಯಾವುದರಲ್ಲಿ ಅರ್ಧ? ಸೊನ್ನೆಯಲ್ಲಿ ಅರ್ಧ ಸೊನ್ನೆಯೇ ಅಲ್ವಾ? 1999ರಲ್ಲಿ ಪ್ಯೂಜೆಟ್ ಸೌಂಡ್‌ನ ಚಿನೂಕ್ ಸಾಲ್ಮನ್ ಅಪಾಯದಲ್ಲಿರೋ ಜೀವಿಗಳ ಪಟ್ಟಿಗೆ ಸೇರಿತು. ಬುಡಕಟ್ಟುಗಳು 2001ರಲ್ಲಿ ಮತ್ತೆ ಕೋರ್ಟ್‌ಗೆ ಹೋದವು. ಈ ಸಲ ಜಗಳ ಬಲೆಯ ಬಗ್ಗೆ ಅಲ್ಲ, ಮೋರಿಯ ಬಗ್ಗೆ!

ಹೌದು ಸ್ವಾಮಿ, ರಸ್ತೆ ಕೆಳಗಿನ ಮೋರಿ. ನಾನು ಇಂಜಿನಿಯರಿಂಗ್ ಓದಿದವನು. ಮೋರಿ ಡಿಸೈನ್ ಅಂದರೆ ನಮ್ಮ ಪಠ್ಯದಲ್ಲಿ ಒಂದೇ ಪ್ರಶ್ನೆ: ಮಳೆ ಬಂದರೆ ನೀರು ರಸ್ತೆ ಹತ್ತದೆ ದಾಟಬೇಕು, ಅದಕ್ಕೆ ಪೈಪು ಎಷ್ಟು ದಪ್ಪ? ಪೈಪು ಸಣ್ಣದಾದರೆ ಖರ್ಚು ಕಡಿಮೆ, ನೀರಿನ ವೇಗ ಜಾಸ್ತಿ. ಆ ವೇಗಕ್ಕೆ ಪೈಪಿನ ಬಾಯಿ ಕೆಳಗಿನ ಮಣ್ಣು ಕೊಚ್ಚಿಹೋಗುತ್ತೆ, ಪೈಪು ಹಳ್ಳಕ್ಕಿಂತ ಎರಡು ಮೂರು ಅಡಿ ಮೇಲೆ ನೇತಾಡುತ್ತೆ. ನೀರಿಗೆ ಏನೂ ತೊಂದರೆ ಇಲ್ಲ, ಕೆಳಗೆ ಬೀಳುತ್ತೆ. ಮೇಲೆ ಹೋಗಬೇಕಾದ ಮೀನಿಗೆ? ಸಮುದ್ರದಿಂದ ಇಷ್ಟು ದೂರ ಬಂದ ಮೀನು ಹುಟ್ಟೂರಿನ ಹೊಸ್ತಿಲಲ್ಲಿ, ಒಂದು ಹೆದ್ದಾರಿ ಪೈಪಿನ ಮುಂದೆ ಸೋತು ನಿಲ್ಲುತ್ತೆ. ಲೆಕ್ಕ ಹಾಕಿದ ಇಂಜಿನಿಯರ್ ದುಷ್ಟ ಅಲ್ಲ. ಅವನ ಸೂತ್ರದಲ್ಲಿ ಮೀನು ಅನ್ನೋ ಅಂಶವೇ ಇರಲಿಲ್ಲ.

ಮೀನು ಹಿಡಿಯೋ ಹಕ್ಕು ಅಂದರೆ ಮೀನು ಇರಬೇಕು ಅನ್ನೋದೂ ಅದರಲ್ಲೇ ಸೇರಿದೆ ಅನ್ನೋದು ಬುಡಕಟ್ಟುಗಳ ವಾದ. 2013ರಲ್ಲಿ ನ್ಯಾಯಾಧೀಶ ರಿಕಾರ್ಡೋ ಮಾರ್ಟಿನೆಜ್ ರಾಜ್ಯಕ್ಕೆ ಆದೇಶ ಕೊಟ್ಟರು: ನಿಮ್ಮ ಮೋರಿಗಳು ಮುಚ್ಚಿರೋ ಮೀನಿನ ನೆಲೆಯಲ್ಲಿ ನೂರಕ್ಕೆ ತೊಂಬತ್ತು ಭಾಗವನ್ನು 2030ರೊಳಗೆ ತೆರೆಯಿರಿ. 2018ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 4-4 ಆಯಿತು. ಸಮ ಬಂದರೆ ಕೆಳಗಿನ ತೀರ್ಪು ನಿಲ್ಲುತ್ತೆ. ನಿಂತಿತು. ಖರ್ಚು ಶತಕೋಟಿ ಡಾಲರ್‌ಗಳಲ್ಲಿ. ಹೊಸ ಮೋರಿಗಳು ಈಗ ಚಿಕ್ಕ ಸೇತುವೆಗಳ ಹಾಗಿವೆ, ಕೆಳಗೆ ಕಲ್ಲು-ಮರಳಿನ ಸಹಜ ಹಳ್ಳ ಹರಿಯುತ್ತೆ.

ಒಲಿಂಪಿಕ್ ಪರ್ಯಾಯ ದ್ವೀಪದ ಎಲ್ವಾ ನದಿಯಲ್ಲಿ ಇನ್ನೂ ದೊಡ್ಡ ಕೆಲಸ ಆಯಿತು. 1913 ಮತ್ತು 1927ರ ಎರಡು ಅಣೆಕಟ್ಟುಗಳು, ಮೀನಿಗೆ ದಾರಿ ಬಿಡದೆ ಕಟ್ಟಿದವು. 2011ರಿಂದ 2014ರ ನಡುವೆ ಎರಡನ್ನೂ ಒಡೆದರು. ಅದರಲ್ಲಿ ಒಂದು 210 ಅಡಿ ಎತ್ತರದ್ದು. ಕೆರೆ ಬತ್ತಿದಾಗ, ಕೆಳ ಎಲ್ವಾ ಕ್ಲಾಲಮ್ ಜನ ತಮ್ಮ ಸೃಷ್ಟಿ ಆದ ಜಾಗ ಅಂತ ನಂಬಿದ್ದ ಬಂಡೆ ಮತ್ತೆ ಬೆಳಕಿಗೆ ಬಂತು. 2023ರಲ್ಲಿ ಅವರು ಆ ನದಿಯಲ್ಲಿ ಮತ್ತೆ ಕೋಹೋ ಸಾಲ್ಮನ್ ಹಿಡಿದರು.

ಎಲ್ಲ ಜಗಳವೂ ಹೀಗೆ ಸುಖಾಂತ್ಯ ಆಗಿಲ್ಲ. ಮಕಾ ಜನ 1999ರ ಮೇ 17ರಂದು, ಎಪ್ಪತ್ತು ವರ್ಷಗಳ ನಂತರ, ಒಂದು ತಿಮಿಂಗಿಲ ಬೇಟೆಯಾಡಿದಾಗ ಪ್ರಾಣಿದಯಾ ಸಂಘಟನೆಗಳು ಬೀದಿಗಿಳಿದವು. ಕೋರ್ಟು, ಕಾಗದ, ಪರಿಸರ ವರದಿ ಅಂತ ಕಾಲು ಶತಮಾನ ಎಳೆದು, 2024ರಲ್ಲಿ ಹತ್ತು ವರ್ಷಕ್ಕೆ ಗರಿಷ್ಠ 25 ತಿಮಿಂಗಿಲದ ಮಿತಿ ಹಾಕಿ ಕೇಂದ್ರ ಅವಕಾಶ ಕೊಟ್ಟಿತು. ಕಾಡಿನ ಬೇಟೆಯ ವಿಷಯ ಇನ್ನೂ ಕಗ್ಗಂಟು. 'ಯಾರೂ ಒಕ್ಕಲು ಕೂರದ ಬಯಲು' ಅಂದರೆ ಇವತ್ತು ಯಾವುದು? 1854ರಲ್ಲಿ ಎಲ್ಲ ಕಡೆ ಇತ್ತು. ಈಗ ಬೇಲಿ ಇಲ್ಲದ ನೆಲ ಎಲ್ಲಿದೆ? ಎಲ್ಕ್ ಬೇಟೆಗೆ ಅರ್ಧ ಪಾಲು ಅಂತ ಬೋಲ್ಟ್ ತರಹ ಅಂಕಿ ಹಾಕಿ ಕೊಟ್ಟ ತೀರ್ಪು ಯಾವುದೂ ಬಂದಿಲ್ಲ.

ಬಿಲ್ಲಿ ಫ್ರ್ಯಾಂಕ್ ಏನಾದರು ಅಂತ ಕೇಳ್ತೀರಾ? ತೀರ್ಪಿನ ನಂತರ ಬುಡಕಟ್ಟುಗಳೆಲ್ಲ ಸೇರಿ ಕಟ್ಟಿದ ಮೀನುಗಾರಿಕಾ ಆಯೋಗಕ್ಕೆ ಸುಮಾರು ಮೂವತ್ತು ವರ್ಷ ಅಧ್ಯಕ್ಷರಾಗಿದ್ದರು. ತನ್ನನ್ನು ಜೈಲಿಗೆ ಹಾಕಿದ ಅದೇ ರಾಜ್ಯದ ಅಧಿಕಾರಿಗಳ ಜೊತೆ ಮೇಜಿನ ಎದುರು ಕೂತರು. ರೈತರ ಜೊತೆ, ಮರದ ಕಂಪನಿಗಳ ಜೊತೆ ಕೂತರು. ನನ್ನನ್ನು ಒಳಗೆ ಹಾಕಿದ್ರಿ ಅಂತ ಮುಖ ತಿರುಗಿಸಲಿಲ್ಲ, ಯಾಕೆಂದರೆ ಮೀನಿಗೆ ದಾರಿ ಬಿಡಬೇಕಾದವರು ಅವರೇ. 2014ರ ಮೇ 5ರಂದು 83ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ, ಮೀನು ಹಿಡಿದದ್ದಕ್ಕೆ ಬುಡಕಟ್ಟಿನವರ ಮೇಲಿದ್ದ ಹಳೆಯ ಶಿಕ್ಷೆಗಳನ್ನು ರದ್ದು ಮಾಡಿಸಿಕೊಳ್ಳೋಕೆ ರಾಜ್ಯ ಕಾನೂನು ತಂದಿತು. ಮರುವರ್ಷ ಅಧ್ಯಕ್ಷ ಒಬಾಮ ದೇಶದ ಅತ್ಯುನ್ನತ ನಾಗರಿಕ ಪದಕ ಪ್ರಕಟಿಸಿದರು. ಸಂಸತ್ ಭವನದಲ್ಲಿ ತನ್ನ ಪರವಾಗಿ ಬಿಲ್ಲಿ ಫ್ರ್ಯಾಂಕ್ ಪ್ರತಿಮೆ ನಿಲ್ಲಿಸಬೇಕು ಅಂತ ವಾಷಿಂಗ್ಟನ್ ರಾಜ್ಯ 2021ರಲ್ಲಿ ತೀರ್ಮಾನಿಸಿತು.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಒಂದೇ ಸಂಗತಿ. ಸಹಿ ಹಾಕಿಸಿಕೊಂಡವರು ಆ ಸಾಲನ್ನು ಮರೆತರು, ಅದು ಅವರಿಗೆ ಆ ದಿನದ ಕೆಲಸ ಮುಗಿಸೋ ಉಪಾಯ. ಹೆಬ್ಬೆಟ್ಟಿನ ಹಾಗೆ ಗೀಟು ಎಳೆದವರು ಮರೆಯಲಿಲ್ಲ. ಓದೋಕೆ ಬರದವರು ಕಾಗದವನ್ನು ನೂರಿಪ್ಪತ್ತು ವರ್ಷ ಬಾಯಲ್ಲಿ ಉಳಿಸಿಕೊಂಡರು. ಮಗ ಕೇಳಿದ, ಮೊಮ್ಮಗ ಕೇಳಿದ, ಒಬ್ಬ ನ್ಯಾಯಾಧೀಶ ಕೇಳಿಸಿಕೊಂಡ.

ನಿಸ್ಕ್ವಾಲಿ ನದಿ ಸಮುದ್ರ ಸೇರೋ ಅಳಿವೆಯಲ್ಲಿ ಹಿಂದೆ ಹೊಲಕ್ಕಾಗಿ ಕಟ್ಟಿದ್ದ ಒಡ್ಡನ್ನು 2009ರಲ್ಲಿ ತೆಗೆದರು. ಈಗ ಉಬ್ಬರದ ನೀರು ಒಳಗೆ ಬರುತ್ತೆ, ಸಾಲ್ಮನ್ ಮರಿಗಳು ಸಾಗರಕ್ಕೆ ಹೋಗೋ ಮೊದಲು ಅಲ್ಲಿ ಬಲಿಯುತ್ತವೆ. ಆ ವನ್ಯಧಾಮಕ್ಕೆ ಇವತ್ತು ಬಿಲ್ಲಿ ಫ್ರ್ಯಾಂಕ್ ಜೂನಿಯರ್ ಹೆಸರು. ಸಿಯಾಟಲ್‌ನಲ್ಲಿರೋ ನಿಮ್ಮ ಮಗನೋ ಮಗಳೋ ಮುಂದಿನ ಸಲ ಫೋನ್ ಮಾಡಿದಾಗ ಹೇಳಿ, ಊರಿಂದ ಒಂದು ಗಂಟೆ ಡ್ರೈವ್ ಅಷ್ಟೇ, ಹೋಗಿ ನೋಡ್ಕೊಂಡು ಬರಲಿ.